ಹಟ್ಟಿ ಮನೆಯಾಗುವಾಗ: ಹಳೆಯ ಕೃಷಿ ಕಟ್ಟಡಗಳ ಪರಿವರ್ತನೆ ಮತ್ತು ಮಾರಾಟ

ಸುಳ್ಯ, ಪುತ್ತೂರು ಮತ್ತು ಕಡಬ ತಾಲೂಕುಗಳ ಹಳೆಯ ತೋಟದ ಮನೆಗಳಲ್ಲಿ ವಾಸದ ಮನೆಯಷ್ಟೇ ಗಟ್ಟಿಯಾದ, ಕೆಲವೆಡೆ ಅದಕ್ಕಿಂತಲೂ ದೊಡ್ಡದಾದ ಇನ್ನೊಂದು ಕಟ್ಟಡವಿರುತ್ತದೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಕೆಳಗೆ ದನಗಳ ಹಟ್ಟಿ, ಮೇಲೆ ಬೈಹುಲ್ಲು ಅಥವಾ ಅಡಿಕೆ ಇಡುವ ಅಟ್ಟ. ಭತ್ತದ ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಹುಲ್ಲು ಇಲ್ಲ. ಆಳುಗಳ ಅಭಾವದಿಂದ ದನಗಳೂ ಕಡಿಮೆಯಾದವು. ಸಂಪಾಜೆ, ಅರಂತೋಡು ಭಾಗದಲ್ಲಿ ಹಳದಿ ಎಲೆ ರೋಗ ಅಡಿಕೆಯನ್ನೇ ಬಾಧಿಸಿದ ಕಡೆ ಅಟ್ಟಕ್ಕೂ ಕೆಲಸವಿಲ್ಲದಂತಾಯಿತು. ಮಕ್ಕಳು ಬೆಂಗಳೂರಿನಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ನೆಲೆಸಿರುವ ಕುಟುಂಬಗಳು ಇಂತಹ ಆಸ್ತಿಯನ್ನು ಮಾರಲು ಮುಂದಾಗುತ್ತಿವೆ.

ಕೊಳ್ಳುವವರ ದೃಷ್ಟಿಯೂ ಬದಲಾಗಿದೆ. ತೋಟದ ಜೊತೆಗೆ ಬಂದ ಹಟ್ಟಿಯನ್ನು ಕೆಡವಿ ಮರಮಟ್ಟು ಮಾರುವ ಕಾಲವೊಂದಿತ್ತು. ಈಗ ಅದನ್ನೇ ಉಳಿಸಿಕೊಂಡು ವಾಸದ ಮನೆ, ಹೋಂ ಸ್ಟೇ, ದಾಸ್ತಾನು ಕೊಠಡಿ ಅಥವಾ ಸಣ್ಣ ಆಹಾರೋದ್ಯಮದ ಘಟಕ ಮಾಡಬಹುದೇ ಎಂದು ಪೇಟೆಯ ವರ್ತಕರು ವಿಚಾರಿಸುತ್ತಾರೆ. ಕಟ್ಟಡದ ದೃಷ್ಟಿಯಿಂದ ಬಹುತೇಕ ಸಂದರ್ಭಗಳಲ್ಲಿ ಇದು ಸಾಧ್ಯ. ಆದರೆ ಆ ಕಟ್ಟಡ ನಿಂತ ನೆಲ ಯಾವ ವರ್ಗದ್ದು, ಅದರ ಬಳಕೆ ದಾಖಲೆಯಲ್ಲಿ ಏನೆಂದಿದೆ ಎಂಬುದನ್ನು ಮೊದಲು ಸರಿಪಡಿಸಿಕೊಳ್ಳದಿದ್ದರೆ ದುರಸ್ತಿಗೆ ಹಾಕಿದ ಹಣ ಮಾರುವಾಗ ಕೈಗೆ ಬಾರದು. ಈ ಕ್ರಮವನ್ನು ಅರಿಯಲು ಇಂತಹ ವ್ಯವಹಾರ ಬಹುಕಾಲದಿಂದ ನಡೆದುಬಂದಿರುವ ಇಂಗ್ಲೆಂಡಿನ ಅನುಭವವನ್ನು ಮೊದಲು ನೋಡುವುದು ಉಪಯುಕ್ತ.

ಇಂಗ್ಲೆಂಡಿನ ‘ಬಾರ್ನ್’ ಮನೆಗಳು

ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೆ ‘ಬ್ಯಾರನ್’ ಎಂದರೆ ಎಲೆಯನ್ನು ಬಿಸಿಗಾಳಿಯಲ್ಲಿ ಹದಗೊಳಿಸುವ ಕಟ್ಟಡ. ಆ ಪದದ ಮೂಲವಾದ ಇಂಗ್ಲಿಷ್ ‘ಬಾರ್ನ್’ ಧಾನ್ಯ, ಹುಲ್ಲು ಮತ್ತು ಜಾನುವಾರುಗಳಿಗಾಗಿ ಕಟ್ಟಿದ ದೊಡ್ಡ ಕೊಟ್ಟಿಗೆ. ತೆನೆ ಬಡಿಯುವ ಬಾರ್ನ್‌ಗಳಲ್ಲಿ ಎದುರು ಬದುರಾಗಿ ಎರಡು ಎತ್ತರದ ಬಾಗಿಲುಗಳಿರುತ್ತಿದ್ದವು. ತುಂಬಿದ ಗಾಡಿ ಒಳಗೆ ಬರಲು ಮತ್ತು ಬಡಿದ ಧಾನ್ಯವನ್ನು ಗಾಳಿಗೆ ತೂರಲು ಅವು ಬೇಕಾಗಿದ್ದವು. ಒಕ್ಕಣೆ ಯಂತ್ರಗಳು, ಆ ಬಳಿಕ ಗದ್ದೆಯಲ್ಲಿಯೇ ಕೊಯ್ದು ಒಕ್ಕುವ ಯಂತ್ರಗಳು ಬಂದಾಗ ಈ ಕಟ್ಟಡಗಳು ಕೆಲಸ ಕಳೆದುಕೊಂಡವು. ದೊಡ್ಡ ಟ್ರ್ಯಾಕ್ಟರುಗಳಿಗೆ ಅವುಗಳ ಬಾಗಿಲು ಸಾಲದಾಯಿತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅವು ಒಂದೊಂದಾಗಿ ವಾಸದ ಮನೆಗಳಾದವು. ಇಂದು ಅಲ್ಲಿನ ಗ್ರಾಮಾಂತರ ಆಸ್ತಿ ಜಾಹೀರಾತುಗಳಲ್ಲಿ ‘ಪರಿವರ್ತಿತ ಬಾರ್ನ್’ ಎಂಬುದು ಪ್ರತ್ಯೇಕ ವರ್ಗವಾಗಿಯೇ ಕಾಣಿಸಿಕೊಳ್ಳುತ್ತದೆ. ಎತ್ತರದ ಮಾಡು, ತೆರೆದು ಕಾಣುವ ಓಕ್ ಮರದ ತೊಲೆಗಳು, ಹಳೆಯ ಗಾಡಿಬಾಗಿಲಿನ ಜಾಗದಲ್ಲಿ ನಿಂತ ದೊಡ್ಡ ಗಾಜಿನ ಕಿಟಕಿ ಅದರ ಲಕ್ಷಣಗಳು.

ಅಲ್ಲಿನ ಸರ್ಕಾರ ಈ ಪರಿವರ್ತನೆಗೆ ನಿಶ್ಚಿತ ದಾರಿಯನ್ನು ಹಾಕಿಕೊಟ್ಟಿದೆ. 2014ರಲ್ಲಿ ಕೃಷಿ ಕಟ್ಟಡವನ್ನು ವಾಸದ ಮನೆಯಾಗಿ ಬದಲಾಯಿಸಲು ಪೂರ್ಣ ಪ್ರಮಾಣದ ಯೋಜನಾ ಅನುಮತಿ ಬೇಡ, ಸ್ಥಳೀಯ ಸಂಸ್ಥೆಯ ಪೂರ್ವ ಸಮ್ಮತಿ ಸಾಕು ಎಂಬ ವ್ಯವಸ್ಥೆ ಜಾರಿಗೆ ಬಂದಿತು. 2015ರ ನಿಯಮಗಳಲ್ಲಿ ಇದನ್ನು ‘ಕ್ಲಾಸ್ ಕ್ಯೂ’ ಎಂದು ಗುರುತಿಸಲಾಯಿತು. 56 ದಿನಗಳೊಳಗೆ ಅರ್ಜಿಯ ತೀರ್ಮಾನವಾಗಬೇಕು. ಕಾಮಗಾರಿ 3 ವರ್ಷಗಳೊಳಗೆ ಮುಗಿಯಬೇಕು. 2024ರ ತಿದ್ದುಪಡಿಯ ಪ್ರಕಾರ ಒಂದು ಕೃಷಿ ಘಟಕದಲ್ಲಿ ಒಟ್ಟು 1,000 ಚದರ ಮೀಟರ್ ಮೀರದಂತೆ 10 ಮನೆಗಳವರೆಗೆ ಮಾಡಬಹುದು. ಒಂದೊಂದು ಮನೆ 150 ಚದರ ಮೀಟರ್, ಅಂದರೆ ಸುಮಾರು 1,600 ಚದರ ಅಡಿ ಮೀರಬಾರದು. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡಗಳಿಗೂ ರಾಷ್ಟ್ರೀಯ ಉದ್ಯಾನಗಳಂತಹ ಸಂರಕ್ಷಿತ ಪ್ರದೇಶಗಳಿಗೂ ಈ ಸುಲಭ ದಾರಿ ಇಲ್ಲ. ಮಾಡಿನಲ್ಲಿ ಬಾವಲಿಗಳಿದ್ದರೆ 1981ರ ವನ್ಯಜೀವಿ ಕಾಯಿದೆಯನ್ವಯ ಅವುಗಳಿಗೆ ರಕ್ಷಣೆಯಿರುವುದರಿಂದ ಸಮೀಕ್ಷೆ ನಡೆಯಬೇಕು.

ಈ ನಿಯಮದ ಹುರುಳು ಇರುವುದು ಇನ್ನೊಂದು ಷರತ್ತಿನಲ್ಲಿ. ಇರುವ ಕಟ್ಟಡವೇ ಮನೆಯ ಭಾರವನ್ನು ಹೊರುವಷ್ಟು ಗಟ್ಟಿಯಾಗಿರಬೇಕು. ಮೂರು ಬದಿ ತೆರೆದಿದ್ದ ಉಕ್ಕಿನ ಚೌಕಟ್ಟಿನ ಕೊಟ್ಟಿಗೆಯೊಂದಕ್ಕೆ ಹೊಸ ಗೋಡೆಗಳನ್ನು ಕಟ್ಟಿ ಮನೆ ಮಾಡುವುದು ಪರಿವರ್ತನೆಯೆನಿಸದು, ಅದು ಹೊಸ ನಿರ್ಮಾಣವೇ ಆಗುತ್ತದೆ ಎಂಬ ನಿಲುವನ್ನು 2016ರಲ್ಲಿ ಅಲ್ಲಿನ ಹೈಕೋರ್ಟು ಹಿಬಿಟ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಹೀಗಾಗಿ ಅಲ್ಲಿ ಕೊಳ್ಳುವವರು ಕಟ್ಟಡದ ಅಂದ ನೋಡುವ ಮೊದಲು ಸಮ್ಮತಿ ಪತ್ರ, ಎಂಜಿನಿಯರರ ವರದಿ ಮತ್ತು ರಸ್ತೆಯ ಹಕ್ಕನ್ನು ಕೇಳುತ್ತಾರೆ. ದುರಸ್ತಿಯನ್ನೇ ಆರಂಭಿಸದ ಹಳೆಯ ಬಾರ್ನ್ ಕೂಡ ಸಮ್ಮತಿ ಪತ್ರವಿದ್ದರೆ ಹೆಚ್ಚಿನ ಬೆಲೆಗೆ ಹೋಗುತ್ತದೆ. ನಮ್ಮ ಊರಿನವರು ಗಮನಿಸಬೇಕಾದ ಅಂಶವಿದು.

ನಮ್ಮ ಹಟ್ಟಿ, ಅಟ್ಟ ಮತ್ತು ಕೊಟ್ಟಿಗೆ

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಬಳಿಕ ಜಿಲ್ಲೆಯ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನ ಮಾಡುಗಳಾದವು. ಮೊದಲು ವಾಸದ ಮನೆಗೆ, ಅನಂತರ ಹಟ್ಟಿ ಕೊಟ್ಟಿಗೆಗಳಿಗೆ ಹಂಚು ಬಂದಿತು. ಹಂಚಿನ ಭಾರ ಹೊರಲು ಹಲಸು, ಬೋಗಿ, ತೇಗ ಮುಂತಾದ ಮರಗಳ ತೊಲೆ, ಪಕ್ಕಾಸುಗಳನ್ನು ಹಾಕಲಾಯಿತು. ಈ ಮರಮಟ್ಟೇ ಇಂದು ಕಟ್ಟಡದ ಬೆಲೆಬಾಳುವ ಭಾಗ.

ಪರಿವರ್ತನೆಗೆ ಮುನ್ನ ಕಟ್ಟಡವನ್ನು ಮೂರು ಕಡೆ ಪರೀಕ್ಷಿಸಬೇಕು. ಮೊದಲನೆಯದು ಗೋಡೆಯ ಬುಡ. ಹಟ್ಟಿಯಲ್ಲಿ ಸೊಪ್ಪು ಹಾಸಿ ಗೊಬ್ಬರ ಮಾಡುವ ಪದ್ಧತಿಯಿದ್ದುದರಿಂದ ನೆಲ ಅಂಗಳಕ್ಕಿಂತ ತಗ್ಗಿನಲ್ಲಿರುತ್ತದೆ. ದಶಕಗಳ ಕಾಲ ಸೆಗಣಿ, ಗಂಜಳ ಹೀರಿದ ಕಲ್ಲಿನಲ್ಲಿ ಲವಣ ಸೇರಿಕೊಂಡಿರುತ್ತದೆ. ಅದರ ಮೇಲೆ ನೇರವಾಗಿ ಸಿಮೆಂಟು ಗಾರೆ ಹಾಕಿದರೆ ಒಂದೆರಡು ಮಳೆಗಾಲಗಳಲ್ಲಿ ಉದುರುತ್ತದೆ. ನೆಲವನ್ನು ಅಗೆದು ತುಂಬಿಸಿ, ಗೋಡೆಯನ್ನು ತೊಳೆದು ಒಣಗಲು ಬಿಟ್ಟು, ಉಸಿರಾಡುವ ಸುಣ್ಣದ ಗಾರೆ ಬಳಸುವುದು ಬಾಳಿಕೆಯ ವಿಧಾನ. ಎರಡನೆಯದು ಮಾಡಿನ ಮರ. ಗೋಡೆಯ ಮೇಲೆ ಕುಳಿತ ತೊಲೆಗಳ ತುದಿಗಳನ್ನು ಗೆದ್ದಲು ಮತ್ತು ತೇವ ಮೊದಲು ತಿನ್ನುತ್ತವೆ. ನಡುಭಾಗ ಗಟ್ಟಿಯಿದ್ದ ಮಾತ್ರಕ್ಕೆ ಮರ ಚೆನ್ನಾಗಿದೆ ಎನ್ನಲಾಗದು. ಮೂರನೆಯದು ಅಟ್ಟದ ಎತ್ತರ. ಹುಲ್ಲು ಇಡಲು ಸಾಕಾದ ಎತ್ತರ ಮನುಷ್ಯರು ನಿಲ್ಲಲು ಸಾಲದು. ಅಟ್ಟವನ್ನು ತೆಗೆದು ಮಾಡಿನವರೆಗೆ ತೆರೆದ ಒಂದೇ ಕೋಣೆ ಮಾಡುವುದೇ ಅಥವಾ ಗೋಡೆ ಎತ್ತರಿಸುವುದೇ ಎಂಬುದರ ಮೇಲೆ ಖರ್ಚು ನಿರ್ಧಾರವಾಗುತ್ತದೆ.

ಹಳೆಯ ಕಟ್ಟಡಗಳನ್ನು ಬಿಚ್ಚಿ ಬೇರೆಡೆ ಮತ್ತೆ ಜೋಡಿಸಬಹುದೆಂಬುದಕ್ಕೆ ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮ ನಿದರ್ಶನ. 2017ರಲ್ಲಿ ನಿಧನರಾದ ವಿಜಯನಾಥ ಶೆಣೈಯವರು ಕೆಡವಲು ಹೊರಟ ಅನೇಕ ಮನೆಗಳನ್ನು ಸಂಗ್ರಹಿಸಿ ಅಲ್ಲಿ ಪುನಃ ನಿಲ್ಲಿಸಿದರು. ಮಂಗಳೂರಿನ ಪಿಲಿಕುಳದಲ್ಲಿರುವ ಗುತ್ತು ಮನೆಯೂ ಈ ನಿರ್ಮಾಣ ಕ್ರಮವನ್ನು ತೋರಿಸುತ್ತದೆ. ಆದರೆ ಬಿಚ್ಚಿದ ಮರವನ್ನು ಸಾಗಿಸುವ ಮುನ್ನ ಅರಣ್ಯ ಇಲಾಖೆಯಲ್ಲಿ ಪರವಾನಗಿಯ ಅಗತ್ಯವನ್ನು ವಿಚಾರಿಸಿಕೊಳ್ಳಬೇಕು; ತೇಗ, ಬೀಟೆಯಂತಹ ಮರಗಳ ವಿಷಯದಲ್ಲಿ ‘ಹಳೆಯ ಮನೆಯದ್ದು’ ಎಂಬ ಬಾಯಿಮಾತು ಸಾಲದು.

ಕಾನೂನಿನ ದೃಷ್ಟಿಯಲ್ಲಿ ಕೃಷಿ ಮನೆ

ಇಂಗ್ಲೆಂಡಿನ ನಿಯಮ ಕಟ್ಟಡವನ್ನು ನೋಡುತ್ತದೆ. ನಮ್ಮ ಕಾನೂನು ಮುಖ್ಯವಾಗಿ ನೆಲವನ್ನು ನೋಡುತ್ತದೆ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 95ನೇ ಕಲಮಿನ ಪ್ರಕಾರ ಕೃಷಿ ಜಮೀನಿನ ಅನುಭೋಗದಾರನು ಕೃಷಿಯ ಅನುಕೂಲಕ್ಕಾಗಿ ಹಟ್ಟಿ, ಕೊಟ್ಟಿಗೆ, ಬಾವಿ, ಕೆರೆಗಳನ್ನು ನಿರ್ಮಿಸಿಕೊಳ್ಳಬಹುದು. ಅದಕ್ಕೆ ಭೂಪರಿವರ್ತನೆ ಬೇಕಿಲ್ಲ. ತೋಟದ ಮನೆಗೂ ಅವಕಾಶವಿದೆ, ಆದರೆ ಅದರ ವ್ಯಾಖ್ಯೆ ಬಿಗಿಯಾಗಿದೆ. ಜಮೀನಿಗೆ ಸೇರಿದಂತೆ ಕಟ್ಟಿದ, ಕೃಷಿಕನ ವಾಸಕ್ಕೆ ಅಥವಾ ಸಲಕರಣೆ ಇಡಲು, ದನ ಕಟ್ಟಲು ಬಳಸುವ ಮನೆ ಮಾತ್ರ ತೋಟದ ಮನೆ. ಅದು ಹಿಡುವಳಿಯ ಶೇ. 10ನ್ನು ಮೀರಬಾರದು, ಕೃಷಿಕನು ಸ್ವಂತಕ್ಕೆ ಬಳಸಬೇಕು, ವಾಣಿಜ್ಯ ಚಟುವಟಿಕೆಗಾಗಿ ಯಾರಿಗೂ ಬಾಡಿಗೆಗೆ ಕೊಡುವಂತಿಲ್ಲ.

ಇದರಿಂದ ಮೂರು ಪ್ರತ್ಯೇಕ ಸನ್ನಿವೇಶಗಳು ಹುಟ್ಟುತ್ತವೆ. ತೋಟವನ್ನು ಕೊಂಡು ಕೃಷಿ ಮುಂದುವರಿಸುತ್ತ ಹಟ್ಟಿಯನ್ನು ಸ್ವಂತ ವಾಸಕ್ಕೆ ಸರಿಪಡಿಸಿಕೊಂಡರೆ ಅದು ತೋಟದ ಮನೆಯ ವ್ಯಾಪ್ತಿಯೊಳಗೆ ಬರುತ್ತದೆ. ಅದನ್ನೇ ಹೋಂ ಸ್ಟೇ ಮಾಡಿ ಅತಿಥಿಗಳಿಂದ ಹಣ ಪಡೆಯತೊಡಗಿದರೆ ವ್ಯಾಪ್ತಿ ಮೀರಿದಂತಾಗುವ ಸಂಭವವಿದೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಬೇಕಾಗುತ್ತದೆ. ಹಲಸಿನ ಚಿಪ್ಸ್ ಅಥವಾ ಹಪ್ಪಳ ಘಟಕ, ಗೋದಾಮು ಮಾಡಿದರೆ ಅದು ವಾಣಿಜ್ಯ ಅಥವಾ ಕೈಗಾರಿಕಾ ಬಳಕೆ. ಭೂಪರಿವರ್ತನೆಯ ಆದೇಶವು ಉದ್ದೇಶವನ್ನು ಹೆಸರಿಸುವುದರಿಂದ ವಾಸದ ಉದ್ದೇಶಕ್ಕೆ ಪರಿವರ್ತಿಸಿದ ಜಾಗದಲ್ಲಿ ಕಾರ್ಖಾನೆ ನಡೆಸಲಾಗದು. ಅನುಮತಿಯಿಲ್ಲದೆ ಬಳಕೆ ಬದಲಾಯಿಸಿದರೆ 96ನೇ ಕಲಮಿನನ್ವಯ ದಂಡಕ್ಕೆ ಅವಕಾಶವಿದೆ. 95ನೇ ಕಲಮಿಗೆ ಇತ್ತೀಚಿನ ವರ್ಷಗಳಲ್ಲಿ ಹಲವು ತಿದ್ದುಪಡಿಗಳಾಗಿರುವುದರಿಂದ ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ನಿಯಮವನ್ನು ಕಂದಾಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು.

ಪರಿವರ್ತನೆಯಾದ ಬಳಿಕ ಆ ತುಂಡು ಗ್ರಾಮ ಪಂಚಾಯತಿನ ಕೃಷಿಯೇತರ ಆಸ್ತಿಗಳ ವಹಿಗೆ ಸೇರಬೇಕು. 2013ರಿಂದ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು ನಮೂನೆ 11 ದೊರೆಯುತ್ತಿವೆ. ಸರ್ವೆ ನಂಬ್ರದ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಬೇಕು. ಕಟ್ಟಡ ನಕ್ಷೆಯ ಯಾವ ಬದಿಯಲ್ಲಿ ಬೀಳುತ್ತದೆ ಎಂಬುದು ಈ ಅಳತೆಯಲ್ಲಿಯೇ ಬಯಲಾಗುವುದರಿಂದ ಮುಂಗಡ ಕೊಡುವ ಮೊದಲೇ ಇದನ್ನು ಮಾಡಿಸಬೇಕು.

ಹಟ್ಟಿ ಕುಮ್ಕಿಯಲ್ಲಿದ್ದರೆ

ಹಳೆಯ ದಕ್ಷಿಣ ಕನ್ನಡ ಜಿಲ್ಲೆಗೆ ವಿಶಿಷ್ಟವಾದ ಕುಮ್ಕಿಯ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ಮದರಾಸು ಆಡಳಿತದ ಕಾಲದಿಂದಲೂ ಕದೀಂ ವರ್ಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ದರಗು, ಸೌದೆ ಪಡೆಯುವ ಸೌಲಭ್ಯ ವರ್ಗದಾರರಿಗಿತ್ತು. ಭೂಕಂದಾಯ ಅಧಿನಿಯಮದ 79ನೇ ಕಲಮು ಈ ಸೌಲಭ್ಯವನ್ನು ಮುಂದುವರಿಸಿದೆ. ಹಟ್ಟಿಗೆ ಸೊಪ್ಪು ಬೇಕು, ಸೊಪ್ಪು ಇರುವುದು ಕುಮ್ಕಿಯಲ್ಲಿ. ಹೀಗಾಗಿ ಗುಡ್ಡದ ಬದಿಗೆ ಕಟ್ಟಿದ ಹಟ್ಟಿ, ಗೊಬ್ಬರದ ಗುಂಡಿ, ಅಡಿಕೆ ಒಣಗಿಸುವ ಅಂಗಳ ವರ್ಗದ ಗಡಿಯನ್ನು ದಾಟಿ ಕುಮ್ಕಿಯೊಳಗೆ ಸೇರಿಕೊಂಡಿರುವುದು ಅಪರೂಪವಲ್ಲ.

ಕುಮ್ಕಿ ಸೌಲಭ್ಯವೇ ಹೊರತು ಮಾಲಿಕತ್ವವಲ್ಲ. ಅದನ್ನು ಪಟ್ಟಾ ಜಾಗದಂತೆ ಮಾರಲಾಗದು, ಪರಿವರ್ತಿಸಲಾಗದು, ಬ್ಯಾಂಕಿಗೆ ಅಡವು ಇಡಲಾಗದು. ‘ವರ್ಗ 3 ಎಕ್ರೆ, ಕುಮ್ಕಿ 2 ಎಕ್ರೆ, ಒಟ್ಟು 5 ಎಕ್ರೆ’ ಎಂದು ಬಾಯಿಮಾತಿನಲ್ಲಿ ಹೇಳಿ ಬೆಲೆ ಕಟ್ಟಿದಾಗ ಕ್ರಯಪತ್ರದಲ್ಲಿ ಬರುವುದು 3 ಎಕ್ರೆ ಮಾತ್ರ. ಲಕ್ಷಾಂತರ ರೂಪಾಯಿ ವ್ಯಯಿಸಿ ನವೀಕರಿಸಿದ ಕಟ್ಟಡ ಆ 3 ಎಕ್ರೆಯ ಹೊರಗಿದ್ದರೆ ಮುಂದೆ ಅದನ್ನು ಮಾರುವಾಗ ಬರೆಯಲು ದಾಖಲೆಯೇ ಇರುವುದಿಲ್ಲ.

ವರ್ಗ ಜಾಗದಲ್ಲಿಯೂ ಹಕ್ಕಿನ ಮೂಲವನ್ನು ನೋಡಬೇಕು. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಜಿಲ್ಲೆಯ ಬಹಳಷ್ಟು ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಶನ್ ಸಲ್ಲಿಸಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕನ್ನು ಪಡೆದರು. ಅಂತಹ ಜಾಗವಾದರೆ ನ್ಯಾಯಮಂಡಳಿಯ ಆದೇಶ ಮತ್ತು ನಮೂನೆ 10 ಇರಬೇಕು. ಒಂದೇ ಅಂಗಳದ ಮನೆ ಒಬ್ಬರ ಹೆಸರಿನಲ್ಲಿ, ಹಟ್ಟಿ ಇರುವ ತುಂಡು ಇನ್ನೊಬ್ಬರ ಹೆಸರಿನಲ್ಲಿ ಉಳಿದಿರುವುದೂ ಉಂಟು. ಸರ್ಕಾರದಿಂದ ಅಥವಾ ಅಕ್ರಮ ಸಕ್ರಮದಲ್ಲಿ ಮಂಜೂರಾದ ಜಾಗವಾದರೆ ಆದೇಶದಲ್ಲಿರುವ ಪರಭಾರೆ ನಿರ್ಬಂಧದ ಅವಧಿ ಮುಗಿದಿದೆಯೇ ಎಂದು ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಹಾಗೆ ಕೊಂಡದ್ದು ಊರ್ಜಿತವಾಗುವುದಿಲ್ಲ.

ಕುಟುಂಬ, ದೈವ ಮತ್ತು ದಾರಿ

ತರವಾಡು ಮನೆ, ಐನ್ ಮನೆಗಳ ಆಸ್ತಿಯಲ್ಲಿ ಪಾಲುದಾರರ ಸಂಖ್ಯೆ ದೊಡ್ಡದು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಬಳಿಕ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕಿದೆ. 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮ ಪ್ರಕರಣದಲ್ಲಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಮನೆಯಲ್ಲಿ ನೆಲೆಸಿರುವ ಹಿರಿಯ ಸಹೋದರನೊಬ್ಬನ ಸಹಿ ಪಡೆದು ವ್ಯವಹಾರ ಮುಗಿಸುವುದು ಅಪಾಯಕರ. ವಂಶವೃಕ್ಷ, ವಿಭಾಗಪತ್ರ ಮತ್ತು ಎಲ್ಲ ಹಕ್ಕುದಾರರ ಸಹಿ ಅಗತ್ಯ.

ಹಳೆಯ ಮನೆಗಳಲ್ಲಿ ದೈವದ ಕೋಣೆ, ಆವರಣದಲ್ಲಿ ನಾಗಬನ ಇರುವುದು ಸಾಮಾನ್ಯ. ಅವುಗಳನ್ನು ಬಿಟ್ಟು ಉಳಿದ ಜಾಗವನ್ನು ಮಾರುವುದೇ, ಕುಟುಂಬದವರಿಗೆ ವರ್ಷಾವಧಿ ತಂಬಿಲ, ನೇಮಗಳಿಗಾಗಿ ಬಂದುಹೋಗುವ ಹಕ್ಕು ಉಳಿಯುವುದೇ ಎಂಬುದನ್ನು ಕ್ರಯಪತ್ರದಲ್ಲಿಯೇ ಬರೆಯಬೇಕು. ಹೋಂ ಸ್ಟೇ ಮಾಡಬೇಕೆಂದು ಕೊಂಡವರಿಗೆ ಇದು ಮೊದಲೇ ತಿಳಿದಿರುವುದು ಎರಡೂ ಕಡೆಯವರಿಗೆ ಕ್ಷೇಮ.

ದಾರಿಯ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು. ತೋಟದ ನಡುವಿನ ಮನೆಗೆ ನೆರೆಯವರ ವರ್ಗದ ಮೂಲಕ ಹಾದು ಬರುವ ದಾರಿ ಸೌಹಾರ್ದದಿಂದ ನಡೆದುಬಂದಿರುತ್ತದೆ. ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮ 1882ರ ಪ್ರಕಾರ 20 ವರ್ಷ ಅಡೆತಡೆಯಿಲ್ಲದೆ ಹಕ್ಕಿನಿಂದ ಬಳಸಿದ ದಾರಿಗೆ ರಕ್ಷಣೆಯಿದೆ. ಆದರೆ ಕಾಲುದಾರಿಯಾಗಿ ಬಳಸಿದ್ದು ಲಾರಿ, ಜೀಪುಗಳ ದಾರಿಯಾಗಿ ತಾನಾಗಿಯೇ ಬದಲಾಗದು. ನೆರೆಯವರಿಂದ ನೋಂದಾಯಿತ ಒಪ್ಪಂದ ಪಡೆಯುವುದು ಸೂಕ್ತ. ಬಾವಿ, ತೋಡಿನ ಕಟ್ಟದ ನೀರಿನ ಪಾಲಿಗೂ ಇದೇ ಮಾತು ಸಲ್ಲುತ್ತದೆ. 10 ಎಚ್.ಪಿ. ವರೆಗಿನ ಕೃಷಿ ಪಂಪ್‌ಸೆಟ್ಟಿಗಿರುವ ಉಚಿತ ವಿದ್ಯುತ್ತನ್ನು ಮನೆಗಾಗಲಿ ಘಟಕಕ್ಕಾಗಲಿ ಬಳಸುವಂತಿಲ್ಲವಾದ್ದರಿಂದ ಪ್ರತ್ಯೇಕ ಸಂಪರ್ಕದ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಯಾರು ಕೊಳ್ಳಬಹುದು?

ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಯೇತರ ಆದಾಯ ಹೆಚ್ಚಿರುವವರು ಹಾಗೂ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ದೀರ್ಘಕಾಲ ತಡೆದಿದ್ದವು. 2020ರ ತಿದ್ದುಪಡಿಯಿಂದ ಇವು ರದ್ದಾದವು. ಹೀಗಾಗಿ ಪೇಟೆಯ ವರ್ತಕನೂ ಇಂದು ಭೂಮಿತಿಯೊಳಗೆ ತೋಟವನ್ನು ಕೊಳ್ಳಬಹುದು. ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಬೇಕೆಂಬ ನಿಯಮವನ್ನು ಈ ತಿದ್ದುಪಡಿ ತೆಗೆದುಹಾಕಿಲ್ಲ ಎಂಬುದನ್ನು ಮರೆಯಬಾರದು.

ವಿದೇಶದಲ್ಲಿ ನೆಲೆಸಿದವರ ಸ್ಥಿತಿ ಬೇರೆ. ವಿದೇಶಿ ವಿನಿಮಯ ನಿರ್ವಹಣಾ ಕಾನೂನಿನ ಪ್ರಕಾರ ಅನಿವಾಸಿ ಭಾರತೀಯರು ವಾಸದ ಹಾಗೂ ವಾಣಿಜ್ಯ ಕಟ್ಟಡಗಳನ್ನು ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್ ಮತ್ತು ತೋಟದ ಮನೆಯನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದುದನ್ನು ಇಟ್ಟುಕೊಳ್ಳಬಹುದು, ಆದರೆ ಮಾರುವುದಾದರೆ ಭಾರತದಲ್ಲಿ ವಾಸವಾಗಿರುವ ಭಾರತೀಯ ಪ್ರಜೆಗೇ ಮಾರಬೇಕು. ದುಬೈಯಲ್ಲಿರುವ ಊರಿನವರೊಬ್ಬರು ಹಳೆಯ ಹಟ್ಟಿಮನೆಯನ್ನು ಕೊಳ್ಳಬಯಸಿದರೆ ಆ ತುಂಡು ಮೊದಲು ವಾಸದ ಉದ್ದೇಶಕ್ಕೆ ಪರಿವರ್ತನೆಯಾಗಿರಬೇಕು.

ಪರಿವರ್ತಿಸಿ ಮಾರುವುದೇ, ಇದ್ದಂತೆಯೇ ಮಾರುವುದೇ?

ಮಾರುವವರ ಮುಂದಿರುವ ಕಠಿಣ ಪ್ರಶ್ನೆ ಇದು. ಪರಿವರ್ತನೆಯಾದರೆ ಕೊಳ್ಳುವವರ ವಲಯ ಹಿಗ್ಗುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಪರಿವರ್ತನೆಯಾಗದ ಕೃಷಿ ಜಾಗದ ಮೇಲಿನ ಮನೆಗೆ ಗೃಹಸಾಲ ಕೊಡುವುದಿಲ್ಲ. ಪರಿವರ್ತನೆಯಾದ ಜಾಗಕ್ಕೆ ಸಾಲ ದೊರೆಯುತ್ತದೆ. ಆದರೆ ಇನ್ನೊಂದು ಕಡೆ ತೆರಿಗೆಯ ಲೆಕ್ಕವಿದೆ. ಆದಾಯ ತೆರಿಗೆ ಕಾನೂನಿನಲ್ಲಿ ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ. ಅದನ್ನು ಮಾರಿದ ಲಾಭಕ್ಕೆ ಬಂಡವಾಳ ಲಾಭ ತೆರಿಗೆಯಿಲ್ಲ. 10 ಸಾವಿರಕ್ಕೆ ಮಿಕ್ಕಿ 1 ಲಕ್ಷದವರೆಗೆ ಜನಸಂಖ್ಯೆಯಿರುವ ಪಟ್ಟಣದ ಮಿತಿಯಿಂದ 2 ಕಿ.ಮೀ. ಆಚೆಗಿರುವ ಕೃಷಿ ಜಮೀನು ಗ್ರಾಮೀಣವೆನಿಸುತ್ತದೆ. ಸುಳ್ಯ, ಪುತ್ತೂರು ಪಟ್ಟಣಗಳಿಗೆ ಅನ್ವಯಿಸುವುದು ಈ ಅಳತೆ. ವಾಸದ ಮನೆ ಮತ್ತು ಪರಿವರ್ತಿತ ಜಾಗ ಬಂಡವಾಳ ಆಸ್ತಿಗಳು. ಅವುಗಳ ಲಾಭಕ್ಕೆ ತೆರಿಗೆಯಿದೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಸುಳ್ಯ ಪಟ್ಟಣದ ಮಿತಿಯಿಂದ 7 ಕಿ.ಮೀ. ದೂರದಲ್ಲಿ 3 ಎಕ್ರೆ ಅಡಿಕೆ ತೋಟ, ಅದರೊಳಗೆ ಹಳೆಯ ಮನೆ ಮತ್ತು ಹಟ್ಟಿ ನಿಂತ 25 ಸೆಂಟ್ಸ್ ಅಂಗಳ ಇದೆಯೆನ್ನೋಣ. 2025-26ರಲ್ಲಿ ಇದು 90 ಲಕ್ಷ ರೂ.ಗಳಿಗೆ ಮಾರಾಟವಾಯಿತು, ತೋಟಕ್ಕೆ 60 ಲಕ್ಷ, ಮನೆ, ಹಟ್ಟಿ, ಅಂಗಳಕ್ಕೆ 30 ಲಕ್ಷ. ಪಿತ್ರಾರ್ಜಿತ ಆಸ್ತಿಯಾದುದರಿಂದ 1-4-2001ರ ನ್ಯಾಯಯುತ ಬೆಲೆಯನ್ನು ಮೂಲಬೆಲೆಯಾಗಿ ಹಿಡಿಯಬಹುದು. ಅದು ಅಂದಿನ ಮುದ್ರಾಂಕ ಮೌಲ್ಯವನ್ನು ಮೀರುವಂತಿಲ್ಲ. ಮನೆಯ ಭಾಗಕ್ಕೆ 6 ಲಕ್ಷ, ತೋಟಕ್ಕೆ 12 ಲಕ್ಷ ಎಂದಿಟ್ಟುಕೊಳ್ಳೋಣ.

ಮನೆಯ ಭಾಗದ ಲಾಭ ನೇರವಾಗಿ 24 ಲಕ್ಷ, ಶೇ. 12.5ರಂತೆ ತೆರಿಗೆ 3 ಲಕ್ಷ. 2024ರ ಜುಲೈ 23ಕ್ಕೆ ಮೊದಲು ಪಡೆದ ಭೂಮಿ, ಕಟ್ಟಡಗಳಿಗೆ ನಿವಾಸಿ ವ್ಯಕ್ತಿಗಳು ಹಾಗೂ ಹಿಂದೂ ಅವಿಭಕ್ತ ಕುಟುಂಬಗಳು ಬೆಲೆ ಸೂಚ್ಯಂಕದ ಹಳೆಯ ಕ್ರಮದ ತೆರಿಗೆಯೊಡನೆ ಹೋಲಿಸಿ ಕಡಿಮೆಯಾದುದನ್ನು ಕೊಡಬಹುದು. 2025-26ರ ಸೂಚ್ಯಂಕ 376 ಆದುದರಿಂದ 6 ಲಕ್ಷದ ಮೂಲಬೆಲೆ 22.56 ಲಕ್ಷವಾಗುತ್ತದೆ. ಲಾಭ 7.44 ಲಕ್ಷ, ಶೇ. 20ರಂತೆ ತೆರಿಗೆ ಸುಮಾರು 1.49 ಲಕ್ಷ. ತೋಟವು ಕೃಷಿ ಜಮೀನಾಗಿಯೇ ಉಳಿದಿದ್ದರೆ ಅದರ 60 ಲಕ್ಷಕ್ಕೆ ತೆರಿಗೆಯಿಲ್ಲ.

ಬೆಲೆ ಹೆಚ್ಚೀತು ಎಂಬ ಆಸೆಯಿಂದ ಇಡೀ 3 ಎಕ್ರೆಯನ್ನು ಪರಿವರ್ತಿಸಿದ್ದರೆ? ತೋಟದ ಭಾಗದ ಮೂಲಬೆಲೆ ಸೂಚ್ಯಂಕದಂತೆ 45.12 ಲಕ್ಷ, ಲಾಭ 14.88 ಲಕ್ಷ, ತೆರಿಗೆ ಸುಮಾರು 2.98 ಲಕ್ಷ ಹೆಚ್ಚಾಗಿ ಬೀಳುತ್ತಿತ್ತು. ಪರಿವರ್ತನಾ ಶುಲ್ಕ ಪ್ರತ್ಯೇಕ. (ಈ ಲೆಕ್ಕಗಳಿಗೆ ಶೇ. 4 ಸೆಸ್ ಸೇರಿಲ್ಲ.) ಆದುದರಿಂದ ಮನೆ, ಹಟ್ಟಿ ಮತ್ತು ದಾರಿಗೆ ಬೇಕಾದ ತುಂಡನ್ನಷ್ಟೇ ಅಳತೆ ಮಾಡಿಸಿ ಪರಿವರ್ತಿಸಿ, ತೋಟವನ್ನು ತೋಟವಾಗಿಯೇ ಉಳಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ಲಾಭದಾಯಕ. ಕ್ರಯಪತ್ರದಲ್ಲಿ ಎರಡರ ಬೆಲೆಯನ್ನು ಬೇರೆ ಬೇರೆಯಾಗಿ, ವಾಸ್ತವಕ್ಕೆ ಹೊಂದುವಂತೆ ನಮೂದಿಸಬೇಕು.

ನೋಂದಣಿಯ ವೆಚ್ಚ ಕೊಳ್ಳುವವರದ್ದು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಗ್ರಾಮಾಂತರದ ಅಧಿಭಾರ ಸೇರಿ ಶೇ. 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಒಟ್ಟು ಶೇ. 7.65ರಂತೆ 90 ಲಕ್ಷದ ಆಸ್ತಿಗೆ 6,88,500 ರೂ. ತಗಲುತ್ತದೆ. ಕ್ರಯದ ಮೊತ್ತ ಮತ್ತು ಮಾರ್ಗಸೂಚಿ ಬೆಲೆಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಈ ಲೆಕ್ಕ.

ಕ್ರಮವಾಗಿ ಮಾಡಬೇಕಾದುದು

ಮೇಲಿನ ವಿವರಗಳನ್ನು ಕೆಲಸದ ಕ್ರಮದಲ್ಲಿ ಹೀಗೆ ಜೋಡಿಸಬಹುದು:

1. ಪಹಣಿ, ಮ್ಯುಟೇಶನ್, ಮೂಲ ಹಕ್ಕುಪತ್ರ ಹಾಗೂ ಋಣಭಾರ ಪತ್ರಗಳನ್ನು ತೆಗೆಸಿ ವಕೀಲರಿಂದ ಪರಿಶೀಲನೆ.

2. ಸರ್ವೆ ನಡೆಸಿ ಮನೆ, ಹಟ್ಟಿ, ಬಾವಿ ಮತ್ತು ದಾರಿ ವರ್ಗದ ಒಳಗಿವೆಯೇ, ಕುಮ್ಕಿಯಲ್ಲಿವೆಯೇ ಎಂದು ಗುರುತಿಸುವುದು.

3. ಪಾಲುದಾರರ ಒಪ್ಪಿಗೆ; ದೈವಸ್ಥಾನ, ನಾಗಬನ, ದಾರಿ ಮತ್ತು ನೀರಿನ ಹಕ್ಕುಗಳ ಬರವಣಿಗೆ.

4. ಕಟ್ಟಡದ ಗಟ್ಟಿತನವನ್ನು ಎಂಜಿನಿಯರರಿಂದಲೂ ಮರಮಟ್ಟನ್ನು ಅನುಭವಿ ಬಡಗಿಯಿಂದಲೂ ಪರೀಕ್ಷಿಸುವುದು. ಸಾಧ್ಯವಾದರೆ ಒಮ್ಮೆ ಆಟಿ ತಿಂಗಳ ಮಳೆಯಲ್ಲಿಯೇ ನೋಡುವುದು.

5. ಬಳಕೆಯ ಉದ್ದೇಶ ನಿರ್ಧರಿಸಿ, ಬೇಕಾದಷ್ಟು ತುಂಡಿಗೆ ಮಾತ್ರ ಭೂಪರಿವರ್ತನೆ. ಬಳಿಕ ನಮೂನೆ 9, 11 ಮತ್ತು ಕಟ್ಟಡ ಪರವಾನಗಿ.

6. ಇಷ್ಟಾದ ಮೇಲೆ ದುರಸ್ತಿ, ಅಥವಾ ಮಾರಾಟ.

ನಮ್ಮಲ್ಲಿ ವಾಡಿಕೆಯಾಗಿರುವುದು ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಮಾಡುವ ಕ್ರಮ. ಮೊದಲು ಹಂಚು ಬದಲಾಯಿಸಿ, ನೆಲಕ್ಕೆ ಟೈಲ್ಸ್ ಹಾಕಿ, ಬಣ್ಣ ಬಳಿದು, ಗಿರಾಕಿ ಬಂದ ಮೇಲೆ ದಾಖಲೆ ಹುಡುಕಲಾಗುತ್ತದೆ. ಆಗ ಗಿರಾಕಿಯ ಬ್ಯಾಂಕು ಸಾಲ ನಿರಾಕರಿಸುತ್ತದೆ. ಮಾರುವವರು ನಗದು ಕೊಡುವವರಿಗಾಗಿ ಕಾದು ಬೆಲೆ ಇಳಿಸಬೇಕಾಗುತ್ತದೆ. ಹಂಚು, ಟೈಲ್ಸ್‌ಗಳ ಖರ್ಚಿಗೆ ಹೋಲಿಸಿದರೆ ಸರ್ವೆ ಮತ್ತು ದಾಖಲೆಗಳ ಖರ್ಚು ಅಲ್ಪ. ಹಳೆಯ ಹಟ್ಟಿಯನ್ನು ಇಂದೇ ಮಾರುವ ಯೋಚನೆ ಇಲ್ಲದ ಕುಟುಂಬಗಳೂ ಹಿರಿಯರು ಇರುವಾಗಲೇ ಮೊದಲ ಮೂರು ಕೆಲಸಗಳನ್ನು ಮುಗಿಸಿಟ್ಟುಕೊಂಡರೆ ಮುಂದಿನ ತಲೆಮಾರಿಗೆ ಮಾರಲೂ ಉಳಿಸಿಕೊಳ್ಳಲೂ ಅನುಕೂಲವಾಗುತ್ತದೆ. ಗಡಿಕಲ್ಲು ಎಲ್ಲಿತ್ತು, ದಾರಿ ಯಾರ ಒಪ್ಪಿಗೆಯಿಂದ ಬಂತು ಎಂಬುದನ್ನು ಬಲ್ಲವರು ಅವರೇ.